ಐವತ್ತನೇ ಸೈಜಿನ ಮೈ

ಇಂಥದ್ದೊಂದು ಸಂಗತಿಯನ್ನು ಕಥೆ ಎಂದು ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ಒಬ್ಬ ಮನುಷ್ಯ ಬಾಯಿ ಕಟ್ಟಿ, ಬೆವರು ಸುರಿಸಿ, ಏಳು ತಿಂಗಳಲ್ಲಿ ಹದಿನೇಳು ಕಿಲೋ ಇಳಿದ. ಇದರಲ್ಲಿ ಹೇಳುವುದೇನಿದೆ ಎಂದು ಯಾರಾದರೂ ಕೇಳಬಹುದು. ಇದಕ್ಕಿಂತ ದೊಡ್ಡ ದುಃಖಗಳಿವೆ, ಅವನ್ನು ಚೆನ್ನಾಗಿ ಹೇಳಬಲ್ಲ ದೊಡ್ಡವರೂ ಇದ್ದಾರೆ. ಆದರೂ ಆ ಗುರುವಾರ ಬೆಳಿಗ್ಗೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ತೂಕದ ಯಂತ್ರದ ಮೇಲೆ ಬರಿಮೈಯಲ್ಲಿ ನಿಂತಿದ್ದ ಅವನನ್ನು ನನಗೆ ಮರೆಯಲಾಗುತ್ತಿಲ್ಲ. ತಪ್ಪಾಗಿ ಹೇಳಿದರೆ ತಪ್ಪು ನನ್ನದು.

ಯಂತ್ರದ ಮುಳ್ಳು ನಿನ್ನೆಗಿಂತ ಒಂದು ಕೂದಲೆಳೆಯಷ್ಟು ಈಚೆಗೆ ನಿಂತಿತ್ತು. ಅವನು ಇಳಿದು, ಅಷ್ಟಾದರೂ ತೂಕ ಹೋಗಲೆಂದು ಮೂಗು ಸೀಟಿ, ಮತ್ತೆ ಹತ್ತಿದ. ಅಷ್ಟೇ. ಕನ್ನಡಿಯ ಕಡೆ ನೋಡಬಾರದೆಂದು ದಿನವೂ ಅಂದುಕೊಳ್ಳುತ್ತಿದ್ದ, ದಿನವೂ ನೋಡುತ್ತಿದ್ದ. ಹೊಟ್ಟೆ ಹೋಗಿತ್ತು, ಹೊಟ್ಟೆಯ ಚೀಲ ಉಳಿದಿತ್ತು. ಹೊಕ್ಕುಳ ಕೆಳಗೆ ಅದು ಮಡಿಕೆ ಬಿದ್ದು ಜೋತಾಡುತ್ತಿತ್ತು. ಮಡಿಕೆಯ ಒಳಗೆ ಬೆವರು ನಿಂತು ಕೆಂಪಗೆ ಹುಣ್ಣಾಗಿ, ಎತ್ತಿ ಒರೆಸಿದರೆ ಹುಳಿ ಹಿಡಿದ ಬಟ್ಟೆಯ ವಾಸನೆ ಬರುತ್ತಿತ್ತು. ತೋಳಿನ ಕೆಳಭಾಗ, ಎದೆ, ತೊಡೆಯ ಒಳಮೈ, ಎಲ್ಲ ಕಡೆಯೂ ಹಾಗೇ, ಯಾರೋ ಬಟ್ಟೆ ಬಿಚ್ಚಿಟ್ಟು ಹೋದ ಹಾಗೆ. ಮೊದಲು ತುಂಬಿಕೊಂಡು ಅಸಹ್ಯವಾಗಿದ್ದದ್ದು ಈಗ ಖಾಲಿಯಾಗಿ ಅಸಹ್ಯವಾಗಿತ್ತು. ಇಳಿದರೆ ಈ ಹೇಸಿಗೆಯೂ ಇಳಿಯುತ್ತದೆ ಎಂದು ನಂಬಿ ಶುರುಮಾಡಿದ್ದ. ಕಿಲೋಗೆ ಇಷ್ಟು ಎಂದು ಅದೂ ಕರಗಬೇಕಿತ್ತು. ಅದು ಮಾತ್ರ ಒಂದು ತೊಲವೂ ಕರಗದೆ, ಇರಲು ಜಾಗ ಸಾಲದಾದಾಗ ಅವನಿಂದ ಹೊರಗೆ ಬಂದು, ಕಂಡಕಂಡದ್ದಕ್ಕೆ ಅಂಟಿಕೊಳ್ಳತೊಡಗಿತ್ತು.

"ಒಳಗೇನ್ರೀ, ಮೊಟ್ಟೆ ಇಡ್ತಿದೀರಾ?" ಹೆಂಡತಿ ಬಾಗಿಲು ಬಡಿದಳು. "ಬೇರೆಯವರಿಗೂ ಬಚ್ಚಲು ಬೇಕು."

ಅಡುಗೆಮನೆಯ ಮೇಜಿನ ಆ ತುದಿಯಲ್ಲಿ ಅವಳು ಬೆಣ್ಣೆ ಹಚ್ಚಿದ ರೊಟ್ಟಿ ತಿನ್ನುತ್ತಿದ್ದಳು, ಈ ತುದಿಯಲ್ಲಿ ಅವನಿಗೆ ಬೇಯಿಸಿದ ಕಾಳು, ಸೌತೆಕಾಯಿ, ಹಳದಿ ತೆಗೆದ ಮೊಟ್ಟೆ. ಕಾಳಿಗೆ ಉಪ್ಪಿರಲಿಲ್ಲ, ಜಗಿದಷ್ಟೂ ಒದ್ದೆ ಮಣ್ಣಿನಂತೆ ಹಲ್ಲಿಗೆ ಮೆತ್ತಿಕೊಳ್ಳುತ್ತಿತ್ತು. ಅವಳ ದವಡೆ ಆಡುವ ಸದ್ದು ಕೇಳುತ್ತಿತ್ತು. ಮೊದಲು ಗರಿಗರಿ, ಆಮೇಲೆ ಪಚಪಚ, ಆಮೇಲೆ ನುಂಗುವಾಗ ಗಂಟಲಿನಲ್ಲಿ ಒಂದು ಸಣ್ಣ ಗುಳುಕು. ತುಟಿಯಂಚಿನಲ್ಲಿ ಬೆಣ್ಣೆ ಮಿನುಗುತ್ತಿತ್ತು. ಹಿಂದಿನ ವರ್ಷದವರೆಗೂ ಇಬ್ಬರೂ ಒಂದೇ ತಟ್ಟೆಯಲ್ಲಿ ಕೈಹಾಕಿ, ಟೀವಿ ನೋಡುತ್ತ, ಕೊನೆಯ ತುಂಡಿಗೆ ಮಕ್ಕಳ ಹಾಗೆ ಕಿತ್ತಾಡುತ್ತಿದ್ದರು; ಅವಳೂ ದಪ್ಪ, ಅವನೂ ದಪ್ಪ, ಸೋಫಾ ನಡುವೆ ಕುಸಿದು ಇಬ್ಬರೂ ಉರುಳಿ ಒಂದಾಗುತ್ತಿದ್ದರು, ಅದಕ್ಕೇ ಗಂಟೆಗಟ್ಟಲೆ ನಗುತ್ತಿದ್ದರು. ಈಗ ಅವಳ ಮೊಣಕೈಯ ಗುಳಿಯನ್ನು ನೋಡುವಾಗ ಅವನಿಗೆ ಬಸ್ಸಿನ ನೆನಪಾಯಿತು. ಬಸ್ಸಿನಲ್ಲಿ ಅವನು ಕೂತರೆ ಪಕ್ಕದವರು ಕಿಟಕಿಗೆ ಒತ್ತಿಕೊಂಡು ಇದೇ ಕಣ್ಣಿನಿಂದ ನೋಡುತ್ತಿದ್ದರು. ಆ ಕಣ್ಣು ಈಗ ಅವನ ಮುಖದಲ್ಲೇ ಕೂತಿತ್ತು.

"ಹಾಗೆ ನೋಡ್ಬೇಡಿ," ಎಂದಳು.

"ಹೇಗೆ?"

"ನಾನೇನೋ ಕದ್ದು ತಿಂತಿರೋ ಹಾಗೆ." ರೊಟ್ಟಿಯನ್ನು ಕೆಳಗಿಟ್ಟಳು. "ನೀವು ಇಳೀರಿ, ಬೇಡ ಅನ್ನಲ್ಲ. ಆದ್ರೆ ನನ್ನ ತುತ್ತಿನ ಮೇಲೆ ನಿಂತ್ಕೊಂಡು ಇಳೀಬೇಡಿ," ಎಂದು ತಟ್ಟೆ ಎತ್ತಿಕೊಂಡು ಹಿತ್ತಲ ಕಡೆ ಹೋದಳು. ಅಲ್ಲಿ ನಿಂತು ತಿಂದಳೋ ಚೆಲ್ಲಿದಳೋ ಅವನು ತಿರುಗಿ ನೋಡಲಿಲ್ಲ.

ಸಮವಸ್ತ್ರ ಹೊಲಿಯುವ ಕಾರ್ಖಾನೆ ನಾಲ್ಕನೇ ಮಹಡಿಯಲ್ಲಿತ್ತು. ಲಿಫ್ಟಿದ್ದರೂ ಅವನು ಮೆಟ್ಟಿಲು ಹತ್ತಿ, ಇಳಿದು, ಮತ್ತೆ ಹತ್ತುತ್ತಿದ್ದ. ಹನ್ನೊಂದು ವರ್ಷದಿಂದ ಅಲ್ಲಿ ದಾರ, ಗುಂಡಿ, ಬಟ್ಟೆಯ ಥಾನುಗಳ ಉಗ್ರಾಣ ನೋಡಿಕೊಳ್ಳುವವನು. ಅದು ಅವನ ಕೆಲಸ. ಅವನ ಹೆಸರು ಮಾತ್ರ ಬೇರೆ ಕಡೆಯಿಂದ ಬಂದಿತ್ತು. ಉಳಿದ ಸೈಜುಗಳಿಗೆಲ್ಲ ಮರದ ಗೊಂಬೆಗಳಿದ್ದವು, ಆದರೆ ಗೊಂಬೆಗಳು ನಲವತ್ತಾರಕ್ಕೆ ಮುಗಿಯುತ್ತಿದ್ದವು. ಐವತ್ತನೇ ಸೈಜಿಗೆ ಗೊಂಬೆ ತರಿಸುವ ಬದಲು ಕಟಿಂಗ್ ಮಾಸ್ಟರು ಅವನನ್ನೇ ಸ್ಟೂಲಿನ ಮೇಲೆ ನಿಲ್ಲಿಸುತ್ತಿದ್ದರು. ಹೊಸ ಬಟ್ಟೆ ಬಂದಾಗಲೆಲ್ಲ ಅವನ ಮೈಮೇಲೆ ಮಾದರಿ ಅಂಗಿ ತೊಡಿಸಿ, ಪಿನ್ನು ಚುಚ್ಚಿ, ಅದರಂತೆ ಕಂದು ರಟ್ಟಿನಲ್ಲಿ ಅಚ್ಚು ಕತ್ತರಿಸುತ್ತಿದ್ದರು. ಹೀಗಾಗಿ ಅವನು ಎಲ್ಲರಿಗೂ ಐವತ್ತು. ಗುಂಡಿಯ ತೂತಿಗೆ ಕಾಜಾ ಹೊಡೆಯುವ ಹೆಂಗಸರಿಗೆ ಐವತ್ತಣ್ಣ. "ಐವತ್ತಣ್ಣ, ಬಿಳಿ ದಾರ ಕೊಡಿ." "ಐವತ್ತಣ್ಣ, ಅರ್ಧ ಆಗಿದೀರಲ್ಲ! ನಮ್ಮನೆಯವರಿಗೂ ಸ್ವಲ್ಪ ಹೇಳ್ಕೊಡಿ, ಬಾಗಿಲಲ್ಲಿ ಅಡ್ಡ ಬರ್ತಾರೆ." ಈ ಮಾತು ಕೇಳಿದಾಗಲೆಲ್ಲ ಅವನ ಎದೆಯಲ್ಲಿ ಏನೋ ಬೆಚ್ಚಗೆ ಹರಡುತ್ತಿತ್ತು, ಅದರ ಬೆನ್ನಿಗೇ ಹೇಸಿಗೆ. ಅರ್ಧ ಆಗಿದೀರಿ ಎನ್ನುವವರು ಇಷ್ಟು ದಿನ ಆ ಇನ್ನರ್ಧವನ್ನು ಏನೆಂದು ನೋಡುತ್ತಿದ್ದರು? ಅವರ ಮನಸ್ಸಿನಲ್ಲಿ ಅದು ಎಷ್ಟು ವರ್ಷ ಕೊಳೆಯುತ್ತ ಬಿದ್ದಿತ್ತು?

ಹತ್ತೂವರೆಗೆ ಒಬ್ಬ ದಪ್ಪ ಮನುಷ್ಯ ಬಂದ. ಮೊದಲು ಬಾಗಿಲಲ್ಲಿ ಏದುಸಿರು ಕೇಳಿಸಿತು, ಆಮೇಲೆ ಎದೆಗವಚಿದ ಕಾಗದದ ಪೊಟ್ಟಣ, ಆಮೇಲೆ ಅವನು. ಎರಡು ತಿಂಗಳ ಹಿಂದೆ ಆಸ್ಪತ್ರೆಯೊಂದರ ವಾರ್ಡು ಸಹಾಯಕರಿಗೆಲ್ಲ ಇವರು ಸಮವಸ್ತ್ರ ಹೊಲಿದು ಕಳಿಸಿದ್ದರು. ಅದರಲ್ಲಿ ಐವತ್ತನೇ ಸೈಜು ಒಬ್ಬನಿಗೇ ಇತ್ತು, ಆ ಒಬ್ಬ ಈಗ ಬಂದವನೇ. ಲಿಫ್ಟು ಕೆಟ್ಟಿರಲಿಲ್ಲ, ಯಾಕೋ ಮೆಟ್ಟಿಲು ಹತ್ತಿ ಬಂದಿದ್ದ. ಕುತ್ತಿಗೆಯ ಮಡಿಕೆಗಳಲ್ಲಿ ಬೆವರು ಗೆರೆ ಎಳೆದಂತೆ ಹೊಳೆಯುತ್ತಿತ್ತು. ಕೌಂಟರಿನ ಮೇಲೆ ಕೈಯೂರಿದಾಗ ಮರದ ಮೇಲೆ ಐದು ಬೆರಳು, ಒಂದು ಅಂಗೈ ಒದ್ದೆಯಾಗಿ ಮೂಡಿತು. ಐವತ್ತು ಉಗ್ರಾಣದ ಕಿಂಡಿಯಿಂದ ಆ ಗುರುತನ್ನೇ ನೋಡುತ್ತ, ಯಾರಾದರೂ ಒರೆಸಬಾರದೇ ಅಂದುಕೊಂಡ.

"ಗುಂಡಿ ಹಿಡೀತಿಲ್ಲ," ಎಂದ ಆ ಮನುಷ್ಯ ಮೆಲ್ಲಗೆ, ಕೆಲಸ ಮಾಡುತ್ತಿದ್ದ ಹೆಂಗಸರಿಗೆ ಕೇಳದಿರಲೆಂಬಂತೆ. "ಮೂರೂ ಅಂಗಿ ಹಾಗೇ."

ಮಾಸ್ಟರಿಗೆ ಮೆಲ್ಲಗೆ ಮಾತಾಡಿ ಗೊತ್ತಿರಲಿಲ್ಲ. "ಹಾಕ್ಕೊಳ್ಳಿ, ನೋಡೋಣ!" ಎಂದರು. ಆ ಮನುಷ್ಯ ಅಲ್ಲೇ, ಇಪ್ಪತ್ತು ಮೆಷಿನ್ನುಗಳ ಎದುರಿಗೆ, ಬನಿಯನ್ನಿನ ಮೇಲೆ ಅಂಗಿ ತೊಟ್ಟ. ತೋಳು ತೂರಿತು. ಮೊದಲ ಗುಂಡಿ ಹಿಡಿಯಿತು. ಎರಡನೆಯದಕ್ಕೆ ಅವನು ಉಸಿರು ಎಳೆದು ನಿಂತ, ಮುಖ ಕಡುಗೆಂಪಾಯಿತು, ಗುಂಡಿ ಕಾಜಾದ ಅಂಚಿಗೆ ಮುಟ್ಟಿ ಜಾರಿತು. ನಡುವೆ ಎರಡು ಬೆರಳಗಲದ ಸಂದಿಯಲ್ಲಿ ಬನಿಯನ್ನು ಉಬ್ಬಿ ಹೊರಬಂತು. ಒಬ್ಬಳು ಕಿಸಕ್ಕೆಂದಳು. ಮೆಷಿನ್ನುಗಳು ಒಂದೊಂದಾಗಿ ನಿಂತವು, ನಗು ಬಾರದವರೂ ಕತ್ತೆತ್ತಿ ನೋಡಿದರು.

ಮಾಸ್ಟರು ಕಾಲರಿನ ಒಳಗೆ ಎರಡು ಬೆರಳು ತೂರಿದರು, ಸೊಂಟದ ಬಳಿ ಬಟ್ಟೆ ಹಿಡಿಯಲು ನೋಡಿದರು, ಸಿಗಲಿಲ್ಲ. "ಲೇಬಲ್ಲು ನೋಡಿ. ಐವತ್ತು. ಹನ್ನೊಂದು ವರ್ಷದಿಂದ ನಮ್ಮ ಐವತ್ತು ಇದೇ. ಅಂಗಿ ಬದಲಾಗಲ್ಲ ಸ್ವಾಮಿ, ಮನುಷ್ಯ ಬದಲಾಗ್ತಾನೆ. ಎರಡು ತಿಂಗಳಲ್ಲಿ ಊದಿದೀರಿ ನೀವು."

"ಇರಬಹುದು," ಎಂದ ಆ ಮನುಷ್ಯ ತಕ್ಷಣ. ಎಷ್ಟು ತಕ್ಷಣ ಒಪ್ಪಿಕೊಂಡನೆಂದರೆ ಐವತ್ತಿಗೆ ತನ್ನ ಕೆನ್ನೆಗೇ ಯಾರೋ ಬಡಿದಂತಾಯಿತು. ಹಾಗೆ ಒಪ್ಪಿಕೊಳ್ಳುವುದು ಅವನಿಗೆ ಗೊತ್ತಿತ್ತು. ಕುರ್ಚಿ ಮುರಿದರೆ, ಬಸ್ಸು ತಡವಾದರೆ, ಲಿಫ್ಟು ಕಿರುಗುಟ್ಟಿದರೆ, ಕೇಳುವ ಮೊದಲೇ ಒಪ್ಪಿಕೊಂಡುಬಿಡುವುದು.

"ಹೊಲಿಗೆ ಬಿಚ್ಚಿ ದೊಡ್ಡದು ಮಾಡೋಕೆ ಒಳಗೆ ಬಟ್ಟೆ ಇಲ್ಲ. ನೋಡೋಣ, ಕೂತಿರಿ ಅಲ್ಲಿ," ಎಂದು ಮಾಸ್ಟರು ಒಳಗೆ ಹೋದರು. ಕಾಜಾ ಹೊಡೆಯುವವಳು ಮೆಷಿನ್ನು ಚಾಲೂ ಮಾಡುತ್ತ, "ಮೊದಲಾಗಿದ್ರೆ ನಮ್ಮ ಐವತ್ತಣ್ಣನ ಪಕ್ಕ ನಿಲ್ಲಿಸಿ ನೋಡಬಹುದಿತ್ತು. ಈಗ ಅವರೆಲ್ಲಿ ಐವತ್ತು, ನಲವತ್ತೆರಡಕ್ಕೆ ಬಂದಿದಾರೆ!" ಎಂದಳು. ಎಲ್ಲರೂ ನಕ್ಕರು. ನಕ್ಕು ಮುಗಿಸಿ ಮತ್ತೆ ಬಟ್ಟೆಗೆ ತಲೆ ಬಾಗಿಸಿದರು. ತಾನು ಏನು ಹೇಳಿದೆನೆಂದು ಅವಳಿಗೂ ಹೊಳೆಯಲಿಲ್ಲ, ಉಳಿದವರಿಗೂ ಹೊಳೆಯಲಿಲ್ಲ. ಹೊಳೆದದ್ದು ಐವತ್ತಿಗೆ ಮಾತ್ರ, ಅದೂ ಆಗ ಹೊಳೆದದ್ದಲ್ಲ, ಮೊದಲೇ ಗೊತ್ತಿದ್ದದ್ದು.

ಆ ಸಮವಸ್ತ್ರಕ್ಕೆ ಅಚ್ಚು ಹಾಕಿದ ದಿನ ಮಾಸ್ಟರು ಆಸ್ಪತ್ರೆಯ ನೀಲಿ ಬಟ್ಟೆಯ ಮಾದರಿ ಅಂಗಿ ತೊಡಿಸಿ ಅವನನ್ನು ಸ್ಟೂಲು ಹತ್ತಿಸಿದ್ದರು. ಆಗಲೇ ಹನ್ನೆರಡು ಕಿಲೋ ಇಳಿದಿದ್ದ. ಅಂಗಿ ಗೋಣಿಯಂತೆ ಜೋತಾಡಿತು. "ಟೇಪು ತರ್ಲಾ ಮಾಸ್ಟರೇ?" ಎಂದು ಕೇಳಿದ್ದ. "ನನಗೆ ಟೇಪು ಯಾಕಯ್ಯ, ನೀನಿಲ್ವಾ," ಎಂದಿದ್ದರು ಅವರು. ಅವರ ಕಣ್ಣಿಗೆ ಪೊರೆ ಬರುತ್ತಿತ್ತು. ಮಾಲೀಕರಿಗೆ ತಿಳಿಯದಿರಲೆಂದು ಎಲ್ಲವನ್ನೂ ಕೈಯಲ್ಲೇ ನೋಡುತ್ತಿದ್ದರು. ಸೊಂಟದ ಬಳಿ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, "ಈ ದರಿದ್ರ ಬಟ್ಟೆ ಹಿಗ್ಗುತ್ತೆ, ಒಳಕ್ಕೆ ತಗೋಬೇಕು," ಎಂದು ಪಿನ್ನು ಚುಚ್ಚತೊಡಗಿದರು. ಬಟ್ಟೆ ಹಿಗ್ಗುವುದಿಲ್ಲ ಎಂದು ಉಗ್ರಾಣದವನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಆದರೆ ಒಂದೊಂದು ಪಿನ್ನು ಒಳಕ್ಕೆ ಹೋದಾಗಲೂ, ಅಂಗಿ ಮೈಯ ಹತ್ತಿರ ಹತ್ತಿರ ಬಂದಾಗಲೂ, ಅವನಿಗೆ ಬಾಯಲ್ಲಿ ನೀರೂರುವಂಥ ಸುಖವಾಯಿತು. ಇನ್ನೊಂದು, ಇನ್ನೊಂದು ಎಂದು ಮನಸ್ಸು ಬೇಡುತ್ತಿತ್ತು. ಬಾಯಿ ತೆರೆದರೆ ಪಿನ್ನುಗಳನ್ನೆಲ್ಲ ಕಿತ್ತುಬಿಡುತ್ತಾರೆ. ಅವನು ಹೊಟ್ಟೆಯನ್ನು ಇನ್ನಷ್ಟು ಒಳಕ್ಕೆಳೆದು ನಿಂತಿದ್ದ.

ಊಟದ ಹೊತ್ತಿಗೆ ಎಲ್ಲರೂ ಮೇಲಿನ ಬಿಸಿಲುಮಾಳಿಗೆಗೆ ಹೋದರು. ಆ ಮನುಷ್ಯ ಉಗ್ರಾಣದ ಬೆಂಚಿನ ಮೇಲೆ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಐವತ್ತು ತನ್ನ ಡಬ್ಬಿ ತೆರೆದ. ಕಾಳಿನ ಹಳಸಲು ಹಬೆ ಎದ್ದಿತು.

"ನಿಮ್ಮದು?" ಎಂದು ಕೇಳಬೇಕಾಗಿ ಬಂತು.

"ಇಲ್ಲ, ಬಿಟ್ಟಿದೀನಿ. ಮೊನ್ನೆಯಿಂದ ಬರೀ ನೀರು." ಅವನ ಬಾಯಿಂದ ಐವತ್ತಿಗೆ ಚೆನ್ನಾಗಿ ಪರಿಚಯವಿದ್ದ ವಾಸನೆ ಬಂತು, ಹಸಿದ ಹೊಟ್ಟೆಯ ಹುಳಿ ವಾಸನೆ. "ಸೋಮವಾರ ತಪಾಸಣೆ. ಹೊಸ ಮೇಲ್ವಿಚಾರಕರು ಬಂದಿದಾರೆ, ಬಹಳ ಕಟ್ಟುನಿಟ್ಟು. ಗುಂಡಿ ಹಾಕದೆ ನಿಂತವರನ್ನ ವಾರ್ಡಿಂದ ತೆಗೆದು ನೆಲಮಾಳಿಗೆಗೆ, ಬಟ್ಟೆ ಒಗೆಯೋ ಕಡೆಗೆ ಹಾಕ್ತಾರಂತೆ. ಹತ್ತೊಂಬತ್ತು ವರ್ಷ ವಾರ್ಡಲ್ಲೇ ಇದೀನಿ ನಾನು. ರೋಗಿಗಳನ್ನ ಎತ್ತಬೇಕಾದ್ರೆ ನನ್ನೇ ಕರೀತಾರೆ. ಸಣ್ಣವರು ಎತ್ತಿದ್ರೆ ಮೂಳೆ ಚುಚ್ಚುತ್ತಂತೆ. ನಾನು ಮೆತ್ತಗಿದೀನಂತೆ." ಹೇಳಿ ನಾಚಿಕೊಂಡ. ಆಮೇಲೆ ಬೆಂಚಿನಲ್ಲಿ ಸ್ವಲ್ಪ ಹತ್ತಿರ ಸರಿದ. ಅವನ ತೊಡೆಯ ಬಿಸಿ ತಾಗಿತು, ಐವತ್ತು ಅಷ್ಟೇ ದೂರ ಸರಿದ. "ನೀವು ಬಹಳ ಇಳಿದಿದೀರಂತೆ, ಆ ಅಕ್ಕ ಹೇಳ್ತಿದ್ರು. ಹೇಗೆ ಸರ್? ನಾಲ್ಕು ದಿನ ಇದೆ. ಎರಡು ಬೆರಳು ಇಳಿಯುತ್ತಾ?"

ಹೇಳಬೇಕಾದದ್ದು ಒಂದೇ ಮಾತು. ನೀವು ಊದಿಲ್ಲ, ಅಂಗಿ ತಪ್ಪು. ಆ ಮಾತು ನಾಲಿಗೆಯ ಮೇಲೆ ಕಾಳಿನ ಜೊತೆಗೇ ಇತ್ತು. ಆದರೆ ಸರ್ ಎಂದು ಅವನನ್ನು ಯಾರೂ ಕರೆದಿರಲಿಲ್ಲ; ಹೇಗೆ ಎಂದು ಅಷ್ಟು ದೊಡ್ಡ ಕಣ್ಣು ಮಾಡಿಕೊಂಡು ಯಾರೂ ಕೇಳಿರಲಿಲ್ಲ.

"ಉಪ್ಪು ಮೊದಲು ಬಿಡಿ," ಎಂಬ ದನಿ ಕೇಳಿಸಿತು, ಅದು ತನ್ನದೇ. "ಉಪ್ಪು ನೀರು ಹಿಡಿಯುತ್ತೆ. ಸಂಜೆ ಆರರ ಮೇಲೆ ಏನೂ ಬೇಡ. ಬರೀ ನೀರಲ್ಲಿದ್ರೆ ಆಗಲ್ಲ, ಕಾಳು ತಿನ್ನಿ, ಬೇಯಿಸಿದ್ದು, ಒಂದು ಹಿಡಿ. ಮೆಟ್ಟಿಲು ಹತ್ತಿ. ದಿನಕ್ಕೆ ಇಪ್ಪತ್ತು ಸಲ. ಮೊದಲು ಕಣ್ಣು ಕತ್ತಲೆ ಬರುತ್ತೆ, ಆಮೇಲೆ ಅಭ್ಯಾಸ ಆಗುತ್ತೆ. ಮನಸ್ಸು ಗಟ್ಟಿ ಬೇಕು, ಅಷ್ಟೇ."

"ಇಪ್ಪತ್ತು," ಎಂದು ಆ ಮನುಷ್ಯ ಜೇಬಿನ ಪೆನ್ನು ತೆಗೆದು ಪೊಟ್ಟಣದ ಮೇಲೆ ಬರೆದುಕೊಂಡ. ಉಪ್ಪು ಎಂದು ಬರೆದು ಅದನ್ನು ಹೊಡೆದು ಹಾಕಿದ. ಬೆರಳು ದಪ್ಪ, ಅಕ್ಷರ ಮಾತ್ರ ಶಾಲೆಯ ಹುಡುಗಿಯದರಂತೆ ದುಂಡಗೆ, ಅಚ್ಚುಕಟ್ಟಾಗಿ. ಅದನ್ನು ನೋಡುತ್ತ ಐವತ್ತು ಇನ್ನೂ ಮಾತಾಡಿದ: ನಡೆಯುವಾಗ ಕೈ ಹೇಗೆ ಬೀಸಬೇಕು, ಹಸಿವಾದಾಗ ಸೌತೆಕಾಯಿ ಹೇಗೆ ಕಚ್ಚಬೇಕು. ತನ್ನ ದನಿಯಲ್ಲಿ ಬೆಣ್ಣೆಯಂಥದ್ದೇನೋ ಇರುವುದು ಅವನಿಗೇ ಕೇಳಿಸುತ್ತಿತ್ತು. ನಿಲ್ಲಿಸಲಾಗಲಿಲ್ಲ. ಊಟ ಮುಗಿಸಿ ಬಂದ ಮಾಸ್ಟರು, "ಏನೂ ಮಾಡಕ್ಕಾಗಲ್ಲ ಸ್ವಾಮಿ, ನೀವೇ ಸ್ವಲ್ಪ ಬಾಯಿ ಕಟ್ಟಿ," ಎಂದಾಗ ಆ ಮನುಷ್ಯ ಎದ್ದು, ಪೊಟ್ಟಣ ಎದೆಗವಚಿಕೊಂಡು, ಮಾಸ್ಟರಿಗಲ್ಲ, ಐವತ್ತಿಗೆ ಥ್ಯಾಂಕ್ಸ್ ಹೇಳಿ, ಮೆಟ್ಟಿಲ ಕಡೆ ನಡೆದ. ಹೆಜ್ಜೆಯ ಸದ್ದು ಮೂರನೇ ಮಹಡಿ, ಎರಡನೇ ಮಹಡಿ ಎಂದು ಇಳಿಯಿತು. ಆಮೇಲೆ ನಿಂತಿತು. ಆಮೇಲೆ ಮತ್ತೆ ಮೇಲಕ್ಕೆ ಹತ್ತತೊಡಗಿತು.

ಐವತ್ತು ಡಬ್ಬಿ ಮುಚ್ಚಿ ಅಚ್ಚುಗಳನ್ನು ತೂಗುಹಾಕುವ ಮೂಲೆಗೆ ಹೋದ. ಹಳೆಯ ಐವತ್ತು ಇನ್ನೂ ಕೊಕ್ಕೆಯಲ್ಲಿತ್ತು. ಹೊಸದು ಅದರ ಮುಂದೆ. ಎರಡನ್ನೂ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟ. ಹೊಸದರ ಸುತ್ತ ಹಳೆಯದರ ಕಂದು ಅಂಚು, ಎರಡು ಬೆರಳಗಲ, ಇಣುಕುತ್ತಿತ್ತು. ಅಷ್ಟು ಅವನೇ. ಕತ್ತರಿಸಿ ಬಿಸಾಡಿದ ಉಗುರನ್ನು ಬೇರೆಯವರ ತಟ್ಟೆಯಲ್ಲಿ ಕಂಡ ಹಾಗಾಯಿತು. ಬೇಸಿನ್ನಿನ ಬಳಿ ಹೋಗಿ ಬಗ್ಗಿದ. ಮೇಲೆ ಬಂದದ್ದು ಅದೇ ಕಾಳು. ಬಾಯಿ ತೊಳೆಯುವಾಗ, ಮಧ್ಯಾಹ್ನದ್ದು ಹೋಯಿತು, ನಾಳೆ ಮುಳ್ಳು ಇನ್ನಷ್ಟು ಈಚೆಗೆ ಬರುತ್ತದೆ ಎಂದು ಮನಸ್ಸು ಲೆಕ್ಕ ಹಾಕಿತು. ಥೂ ಎಂದು ಉಗಿದ. ಯಾರಿಗೆ ಉಗಿದೆನೆಂದು ಕನ್ನಡಿಯಲ್ಲಿ ಕಾಣುತ್ತಿತ್ತು.

"ಮಾಸ್ಟರೇ, ಆ ಮನುಷ್ಯ ಊದಿಲ್ಲ. ನಾನು ಇಳಿದಿದೀನಿ."

"ಗೊತ್ತಲ್ಲ, ಊರಿಗೆಲ್ಲ ಸಾರಿಕೊಂಡು ತಿರುಗ್ತಿದೀಯ."

"ಅದಲ್ಲ. ನೀಲಿ ಬಟ್ಟೆಗೆ ಅಚ್ಚು ಹಾಕಿದ ದಿನ ಆಗ್ಲೇ ಇಳಿದಿದ್ದೆ. ಬಟ್ಟೆ ಹಿಗ್ಗಿರಲಿಲ್ಲ."

ಮಾಸ್ಟರು ಸುಣ್ಣದ ಬಳಪ ಕೆಳಗಿಟ್ಟರು. ಹತ್ತಿರ ಬಂದು, ಎಂದಿನಂತೆ ಅವನ ಸೊಂಟದ ಬಳಿ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದರು. ಬಟ್ಟೆಯ ಜೊತೆ ಇನ್ನೇನೋ ಮುಷ್ಟಿಗೆ ಬಂತು. "ಇದೇನಯ್ಯ ಇದು?"

"ಚರ್ಮ."

ಅವರು ಕೈಬಿಟ್ಟು, ಅಂಗೈಯನ್ನು ತಮ್ಮ ಏಪ್ರನ್ನಿಗೆ ಒರೆಸಿಕೊಂಡರು. ತುಂಬ ಹೊತ್ತು ಒರೆಸಿಕೊಂಡರು. "ಆವತ್ತು ಹೇಳೋಕೆ ಏನಾಗಿತ್ತು ನಿನಗೆ ರೋಗ?"

"ನೀವು ಪಿನ್ನು ಹಾಕ್ತಿದ್ರಲ್ಲ," ಎಂದ. "ಚೆನ್ನಾಗಿತ್ತು."

ಮಾಸ್ಟರು ಪೊರೆ ಬಂದ ಕಣ್ಣಿನಿಂದ ಅವನನ್ನು ಎಷ್ಟು ಕಂಡರೋ. "ಇವತ್ತು? ಆ ಪ್ರಾಣಿ ಇಲ್ಲಿ ಕೂತಿತ್ತಲ್ಲ ಎರಡು ಗಂಟೆ?" ಅವನು ಸೊಂಟದ ಬಳಿ ಅಂಗಿಯನ್ನು ಎಳೆದು ಸರಿಮಾಡಿಕೊಂಡ. "ಸರಿ. ನನಗೂ ಕಾಣಲಿಲ್ಲ ಅಂತ ಹೊರಗೆ ಬಾಯಿ ಬಿಡಬೇಡ. ಹಳೇ ಅಚ್ಚು ತಗೊಂಡು ಬಾ. ನಾಳೆ ಒಂದು ಅಂಗಿ ಎಬ್ಬಿಸೋಣ. ನೀನೇ ತಗೊಂಡು ಹೋಗಿ ಕೊಟ್ಟು, ನಿನ್ನ ಬಾಯಿಂದಲೇ ಹೇಳಿ ಬಾ."

ಶನಿವಾರ ಮಧ್ಯಾಹ್ನ ಅವನು ಆಸ್ಪತ್ರೆಗೆ ಹೋದ. ಹೊಸ ಅಂಗಿ ಚೀಲದಲ್ಲಿತ್ತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜಗಿದು ಜಗಿದು ಮೆತ್ತಗೆ ಮಾಡಿಕೊಂಡಿದ್ದ. ವಾರ್ಡಿನ ಮೇಜಿನ ಹಿಂದೆ ಒಬ್ಬ ಹೆಂಗಸು, ನೀಲಿ ಅಂಗಿಯವಳು, ಹಾಸಿಗೆಯ ಹೊದಿಕೆಗಳನ್ನು ಮಡಿಸುತ್ತಿದ್ದಳು.

"ದಪ್ಪಣ್ಣನಾ? ಇಲ್ಲ ಅವರು," ಎಂದಳು. "ನಿನ್ನೆ ಏನು ಗ್ರಹಚಾರವೋ, ಇಲ್ಲಿನ ಮೆಟ್ಟಿಲು ಹತ್ತೋದು ಇಳಿಯೋದು, ಹತ್ತೋದು ಇಳಿಯೋದು. ಯಾರೋ ಹೇಳಿದಾರಂತೆ. ಸಾಕು ಮಾರಾಯ ಅಂದ್ರೆ ಇನ್ನೂ ಆರಿದೆ ಅಕ್ಕ ಅಂತಾರೆ. ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೇ ಕೂತ್ಬಿಟ್ರು. ಎತ್ತೋಕೆ ನಾಲ್ಕು ಜನ ಬೇಕಾಯ್ತು, ದಿನಾ ಎಲ್ಲರನ್ನೂ ಎತ್ತೋ ಮನುಷ್ಯನ್ನ. ಡಾಕ್ಟರು ನೋಡಿ ಮನೆಗೆ ಕಳಿಸಿದ್ರು."

"ಮನೆ ಎಲ್ಲಿ?"

"ಗೊತ್ತಿಲ್ಲಪ್ಪ. ನದಿ ಆಚೆ ಅಂತಿದ್ರು. ನೀವೇನಾಗ್ಬೇಕು ಅವರಿಗೆ?"

ಅವನ ಬಾಯಿಂದ ಬಂದದ್ದು, "ಇಳಿದಿದ್ರಾ?"

"ಏನು?"

"ಅಲ್ಲ, ನಿನ್ನೆ ನೋಡೋಕೆ... ಸ್ವಲ್ಪ ಇಳಿದ ಹಾಗೆ ಕಾಣ್ತಿದ್ರಾ?"

ಹೆಂಗಸಿನ ಕೈಯಲ್ಲಿದ್ದ ಹೊದಿಕೆ ಅರ್ಧ ಮಡಿಕೆಯಲ್ಲೇ ನಿಂತಿತು. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ನೆಲದ ಮೇಲೆ ರೋಗಿ ಮಾಡಿದ್ದನ್ನು ಬಳಿಯುವ ಮುಂಚೆ ನೋಡುವಂತೆ. ಆಮೇಲೆ ಅಂಗಿಯ ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಡ್ರಾಯರಿನಲ್ಲಿಟ್ಟು, "ಬಂದ್ರೆ ಕೊಡ್ತೀನಿ," ಎಂದು ಮತ್ತೆ ಹೊದಿಕೆ ಮಡಿಸತೊಡಗಿದಳು.

ಸೋಮವಾರ ಆ ಮನುಷ್ಯ ತಪಾಸಣೆಗೆ ಬಂದನೇ, ಅಂಗಿ ಅವನ ಕೈ ಸೇರಿತೇ, ಈಗ ವಾರ್ಡಿನಲ್ಲಿದ್ದಾನೋ ನೆಲಮಾಳಿಗೆಯಲ್ಲೋ, ನನಗೆ ತಿಳಿದಿಲ್ಲ. ಐವತ್ತು ಮತ್ತೆ ಆ ಕಡೆ ಹೋಗಲಿಲ್ಲ. ಅವನು ಅಲ್ಲಿಗೆ ಹೋಗಿದ್ದು ಅಂಗಿ ಕೊಡಲಿಕ್ಕೋ, ತನ್ನ ಮಾತು ಕೇಳಿದವನು ಎಷ್ಟು ಕರಗಿದ್ದಾನೆಂದು ನೋಡಲಿಕ್ಕೋ, ಅದೂ ನನಗೆ ತಿಳಿದಿಲ್ಲ. ಅವನಿಗೆ ತಿಳಿದಿದೆ ಎಂದೂ ಹೇಳಲಾರೆ.